ಟಾಪ್ ಲಿಂಕ್ ಜಿಗಿತ ನಿಲ್ಲಿಸುವ ಹತ್ತು ರೂಪಾಯಿ ವಾಷರ್: ವಿಡಿಯೊ ಹೇಳುವುದು ಎಷ್ಟು ಸರಿ?

ಈ ವಿಡಿಯೊ ನಮಗೆ ಮೂರು ಬೇರೆ ಬೇರೆ ಗುಂಪುಗಳಿಂದ ಬಂತು. ನಿಮಗೂ ಬಂದಿರಬಹುದು. ವಿದೇಶದ ಯಾವುದೋ ತೋಟ, ಒಂದು ಸಣ್ಣ ಟ್ರ್ಯಾಕ್ಟರ್, ಹಿಂದೆ ಮಣ್ಣು ಸಮ ಮಾಡುವ ಬ್ಲೇಡ್. ಚಾಲಕ ಲಿವರ್ ಮುಟ್ಟಿದ್ದೇ ತಡ, ಹೈಡ್ರಾಲಿಕ್ ಟಾಪ್ ಲಿಂಕ್ ಧಡಕ್ಕನೆ ಉದ್ದವಾಗಿ ಬ್ಲೇಡಿನ ಹಿಂಭಾಗ ಕುಸಿಯುತ್ತದೆ. ಮುಂದಿನ ದೃಶ್ಯದಲ್ಲಿ ಅವನು ಹೋಸ್ ಬಿಚ್ಚಿ, ನಡುವೆ ಸಣ್ಣ ತೂತಿರುವ ವಾಷರ್ ಒಂದನ್ನು ಒಳಗಿಟ್ಟು ಮತ್ತೆ ಬಿಗಿಯುತ್ತಾನೆ. ಈಗ ಟಾಪ್ ಲಿಂಕ್ ಬೆಣ್ಣೆಯ ಹಾಗೆ ಸರಿಯುತ್ತದೆ. ಮೇಲೆ ಕನ್ನಡದ ಧ್ವನಿ: ಹತ್ತು ರೂಪಾಯಿ ಖರ್ಚಿನಲ್ಲಿ ಪ್ರೆಷರ್ ಕಡಿಮೆಯಾಗುತ್ತದೆ, ಟಾಪ್ ಲಿಂಕ್ ನಿಧಾನವಾಗುತ್ತದೆ, ಎತ್ತಿಟ್ಟ ಉಪಕರಣ ತಾನಾಗಿ ಇಳಿಯುವುದೂ ನಿಲ್ಲುತ್ತದೆ.

ಮೂರು ಮಾತುಗಳಲ್ಲಿ ಒಂದು ನಿಜ, ಅದೂ ಷರತ್ತಿನ ಮೇಲೆ. ಉಳಿದೆರಡು ತಪ್ಪು. ವಿಡಿಯೊದ ಕೊನೆಯ ಮೂರು ಸೆಕೆಂಡು ಅದಕ್ಕಿಂತ ಕೆಟ್ಟದ್ದು. ಎಂಜಿನ್ ಓಡುತ್ತಿರುವಾಗಲೇ ಅವನು ಆಯಿಲ್ ಸೋರುತ್ತಿದೆಯೇ ಎಂದು ಹೋಸಿನ ಮೇಲೆ ಬೆರಳಾಡಿಸಿ ನೋಡುತ್ತಾನೆ. ಲೇಖನ ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟಾದರೂ ಓದಿಕೊಂಡು ಹೋಗಿ: ಹಾಗೆ ಮಾಡಬೇಡಿ. ಕಾರಣವನ್ನು ಕೆಳಗೆ ವಿವರಿಸಿದ್ದೇವೆ.

ಟಾಪ್ ಲಿಂಕ್‌ಗೆ ಸಿಲಿಂಡರ್ ಏಕೆ?

ಟ್ರ್ಯಾಕ್ಟರಿನ ಹಿಂದೆ ಉಪಕರಣವನ್ನು ಹಿಡಿಯುವುದು ಮೂರು ಕೊಂಡಿಗಳು. ಕೆಳಗಿನ ಎರಡು ತೋಳುಗಳು ಎತ್ತುತ್ತವೆ, ಇಳಿಸುತ್ತವೆ. ಮೇಲಿನ ಒಂಟಿ ಕೊಂಡಿಯೇ ಟಾಪ್ ಲಿಂಕ್. ಅದನ್ನು ಉದ್ದ ಮಾಡಿದರೆ ಉಪಕರಣ ಹಿಂದಕ್ಕೆ ಒರಗುತ್ತದೆ, ಗಿಡ್ಡ ಮಾಡಿದರೆ ಮುಂದಕ್ಕೆ ಬಾಗುತ್ತದೆ. ನೇಗಿಲಿನ ಮೊನೆ ಎಷ್ಟು ಕಚ್ಚಬೇಕು, ಬ್ಲೇಡ್ ಎಷ್ಟು ಕೆರೆಯಬೇಕು ಎಂಬುದು ಇದರಿಂದ ಹೊಂದುತ್ತದೆ.

ಈ ಮೂರು ಕೊಂಡಿಗಳ ಏರ್ಪಾಟನ್ನು ರೂಢಿಗೆ ತಂದವರು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ನಮ್ಮ ಹಳ್ಳಿಗಳಲ್ಲಿ ಓಡಾಡುವ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಹೆಸರಿನಲ್ಲಿರುವುದು ಇವರೇ. ಆಗಿನ ಟ್ರ್ಯಾಕ್ಟರುಗಳ ಹಿಂದೆ ನೇಗಿಲನ್ನು ಬರೀ ಎಳೆದುಕೊಂಡು ಹೋಗುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಮಗುಚುವ ಅಪಾಯವಿತ್ತು. ಫರ್ಗ್ಯುಸನ್ ಏರ್ಪಾಟಿನಲ್ಲಿ ಹಾಗೆ ಸಿಕ್ಕಿಕೊಂಡಾಗ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ, ಮುಂಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ. ಅಂದರೆ ಇದು ಬರೀ ಹೊಂದಾಣಿಕೆಯ ತಿರುಪಲ್ಲ, ಜೀವ ಕಾಯುವ ಕೊಂಡಿಯೂ ಹೌದು. ಅದರ ಮೇಲೆ ಪ್ರಯೋಗ ಮಾಡುವಾಗ ಇದು ನೆನಪಿರಲಿ.

ನಮ್ಮಲ್ಲಿ ಬಹುಪಾಲು ಟಾಪ್ ಲಿಂಕ್‌ಗಳು ಕೈಯಿಂದ ತಿರುಗಿಸುವ ಸ್ಕ್ರೂ ಬಗೆಯವು. ಅಮೆರಿಕ, ಯುರೋಪುಗಳಲ್ಲಿ ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡವರೂ ಸೀಟಿನಿಂದ ಇಳಿಯದೆ ಹೊಂದಿಸಲು ಆ ಸ್ಕ್ರೂ ಜಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಂಡ ಮೇಲೆ ಹಲವರದು ಒಂದೇ ದೂರು: ವಿಪರೀತ ವೇಗ. ಎರಡು ಸೆಂಟಿಮೀಟರ್ ಸರಿಸಲು ಹೋದರೆ ಹತ್ತು ಸೆಂಟಿಮೀಟರ್ ಹಾರುತ್ತದೆ. ನಮ್ಮ ಹೈಡ್ರಾಲಿಕ್ ಪಲ್ಟಿ ನೇಗಿಲು, ಲೇಸರ್ ಲೆವೆಲರ್, ಎತ್ತುವ ಟ್ರೇಲರ್ ಎಲ್ಲದರಲ್ಲೂ ಇರುವುದು ಇಂಥದೇ ಸಿಲಿಂಡರ್, ಇಂಥದೇ ಆಯಿಲ್. ಆದ್ದರಿಂದ ವಿಡಿಯೊದ ಸಲಹೆಯನ್ನು ಇಲ್ಲಿಯೂ ಯಾರಾದರೂ ಪ್ರಯತ್ನಿಸುವುದು ಖಂಡಿತ.

ವೇಗ ಬರುವುದು ಲೀಟರಿನಿಂದ, ಬಲ ಬರುವುದು ಒತ್ತಡದಿಂದ

ವಿಡಿಯೊದ ಮೊದಲ ತಪ್ಪು ಇಲ್ಲಿದೆ. 'ಪ್ರೆಷರ್ ಜಾಸ್ತಿ, ಅದಕ್ಕೇ ಸ್ಪೀಡು' ಎಂದು ಅನೇಕ ಗ್ಯಾರೇಜುಗಳಲ್ಲೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ.

ಒಳವ್ಯಾಸ 63 ಮಿ.ಮೀ., ರಾಡ್ 35 ಮಿ.ಮೀ., ಚಲನೆ 20 ಸೆಂ.ಮೀ. ಇರುವ ಸಿಲಿಂಡರ್ ತೆಗೆದುಕೊಳ್ಳಿ. ಪಿಸ್ಟನ್ನಿನ ವಿಸ್ತೀರ್ಣ ಸುಮಾರು 31 ಚದರ ಸೆಂ.ಮೀ. ಟ್ರ್ಯಾಕ್ಟರಿನ ಪಂಪ್ ನಿಮಿಷಕ್ಕೆ 30 ಲೀಟರ್ ಆಯಿಲ್ ತಳ್ಳುತ್ತಿದ್ದರೆ ಅದು ಸೆಕೆಂಡಿಗೆ ಅರ್ಧ ಲೀಟರ್, ಅಂದರೆ 500 ಘನ ಸೆಂ.ಮೀ. 500ನ್ನು 31ರಿಂದ ಭಾಗಿಸಿದರೆ ಪಿಸ್ಟನ್ ಸೆಕೆಂಡಿಗೆ 16 ಸೆಂ.ಮೀ. ಓಡುತ್ತದೆ. ಪೂರ್ತಿ 20 ಸೆಂ.ಮೀ. ಉದ್ದವಾಗಲು ಒಂದೂಕಾಲು ಸೆಕೆಂಡು ಸಾಕು. ಗಿಡ್ಡವಾಗುವಾಗ ಇನ್ನೂ ವೇಗ. ರಾಡ್ ಇರುವ ಬದಿಯಲ್ಲಿ ರಾಡೇ ಸ್ವಲ್ಪ ಜಾಗ ತಿನ್ನುವುದರಿಂದ ಆಯಿಲ್ ತುಂಬಬೇಕಾದ ವಿಸ್ತೀರ್ಣ 21.5 ಚದರ ಸೆಂ.ಮೀ.ಗೆ ಇಳಿಯುತ್ತದೆ, ಪಿಸ್ಟನ್ ಸೆಕೆಂಡಿಗೆ 23 ಸೆಂ.ಮೀ. ಓಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮನುಷ್ಯನ ಕೈ ಲಿವರನ್ನು ಅಷ್ಟು ಸೂಕ್ಷ್ಮವಾಗಿ ಆಡಿಸಲಾರದು.

ಈ ಲೆಕ್ಕದಲ್ಲಿ ಒತ್ತಡದ ಮಾತೇ ಬರಲಿಲ್ಲ, ಗಮನಿಸಿದಿರಾ? ಒತ್ತಡ ಎಷ್ಟು ಬೇಕೆಂದು ಹೇಳುವುದು ಭಾರ. ವೇಗ ಎಷ್ಟೆಂದು ಹೇಳುವುದು ಸೆಕೆಂಡಿಗೆ ಒಳಬರುವ ಆಯಿಲ್. ಹಾಗಾಗಿ ರಿಲೀಫ್ ವಾಲ್ವ್ ಸಡಿಲಿಸಿ 'ಪ್ರೆಷರ್ ಇಳಿಸಿದರೆ' ಟಾಪ್ ಲಿಂಕ್ ನಿಧಾನವಾಗುವುದಿಲ್ಲ. ಹಗುರ ಭಾರಕ್ಕೆ ಅದೇ ಜಿಗಿತ ಇರುತ್ತದೆ, ಹೆಚ್ಚು ಭಾರಕ್ಕೆ ಏಳುವುದೇ ಇಲ್ಲ. ದಪ್ಪ ಆಯಿಲ್ ಹಾಕಿ ಎನ್ನುವ ಸಲಹೆಯೂ ಸುತ್ತಾಡುತ್ತಿದೆ, ಅದು ಇನ್ನೂ ಹಾಳು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್, ಗೇರ್ ಬಾಕ್ಸ್, ಎಣ್ಣೆಯಲ್ಲಿ ಮುಳುಗಿರುವ ಬ್ರೇಕು ಎಲ್ಲಕ್ಕೂ ಒಂದೇ ಆಯಿಲ್. ಟಾಪ್ ಲಿಂಕ್ ಸರಿ ಮಾಡಲು ಹೋಗಿ ಬ್ರೇಕ್ ಕೆಡಿಸಿಕೊಂಡಂತಾಗುತ್ತದೆ.

ಕಾಸು ಖರ್ಚಿಲ್ಲದ ಎರಡು ದಾರಿಗಳನ್ನು ವಿಡಿಯೊ ಹೇಳುವುದೇ ಇಲ್ಲ. ಪಂಪ್ ತಿರುಗುವುದು ಎಂಜಿನ್ ಜೊತೆ. ಎಂಜಿನ್ 2000 ಸುತ್ತಿನಿಂದ 800ಕ್ಕೆ ಇಳಿದರೆ ಆಯಿಲ್ ಹರಿವೂ ಹೆಚ್ಚುಕಡಿಮೆ 30 ಲೀಟರಿನಿಂದ 12ಕ್ಕೆ ಇಳಿಯುತ್ತದೆ. ಹೊಂದಾಣಿಕೆ ಮಾಡುವಷ್ಟು ಹೊತ್ತು ಎಕ್ಸಲರೇಟರ್ ಇಳಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಇನ್ನೊಂದು, ಕೆಲವು ಟ್ರ್ಯಾಕ್ಟರುಗಳ ಹಿಂಬದಿಯ ಆಯಿಲ್ ಪಾಯಿಂಟಿನ ವಾಲ್ವಿನಲ್ಲಿ ಹರಿವು ಹೊಂದಿಸುವ ತಿರುಗುಗುಂಡಿ ಇರುತ್ತದೆ. ಕಂಪನಿಯ ಕೈಪಿಡಿಯಲ್ಲಿ ಅದರ ಚಿತ್ರವೂ ಇರುತ್ತದೆ. ಕೈಪಿಡಿ ಇರುವುದು ಟೂಲ್ ಬಾಕ್ಸಿನ ತಳದಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ!

ಹಾಗಾದರೆ ವಾಷರ್ ಕೆಲಸ ಮಾಡುವುದಿಲ್ಲವೇ?

ಮಾಡುತ್ತದೆ. ಇಂಥ ಸಣ್ಣ ತೂತಿಗೆ ಎಂಜಿನಿಯರುಗಳು ಆರಿಫಿಸ್ ಎನ್ನುತ್ತಾರೆ, ಹೈಡ್ರಾಲಿಕ್ ಅಂಗಡಿಯಲ್ಲಿ ರಿಸ್ಟ್ರಿಕ್ಟರ್ ಎಂದು ಕೇಳಬೇಕು. ಟಾಪ್ ಲಿಂಕ್ ಐದು ಸೆಕೆಂಡಿನಲ್ಲಿ ಪೂರ್ತಿ ಉದ್ದವಾದರೆ ಸಾಕು ಎಂದುಕೊಳ್ಳಿ. ಅದಕ್ಕೆ ಒಳಹೋಗಬೇಕಾದ್ದು ನಿಮಿಷಕ್ಕೆ ಏಳೂವರೆ ಲೀಟರ್ ಮಾತ್ರ. ತೂತಿನ ಆಚೆ ಈಚೆ 150 ಬಾರ್ ಒತ್ತಡದ ಅಂತರ ಇದ್ದಾಗ ಅಷ್ಟನ್ನೇ ಬಿಡಲು ಸುಮಾರು 1.2 ಮಿ.ಮೀ. ತೂತು ಬೇಕು. (ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು. ಟ್ರ್ಯಾಕ್ಟರ್ ಹೈಡ್ರಾಲಿಕ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಬಾರ್.) ತೂತಿನ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. 1 ಮಿ.ಮೀ. ಬದಲು ಒಂದೂವರೆ ಮಿ.ಮೀ. ಕೊರೆದರೆ ಹರಿವು ಎರಡೂಕಾಲು ಪಟ್ಟು. ವಿಡಿಯೊದಲ್ಲಿ ಈ ಅಳತೆಯ ಸುದ್ದಿಯೇ ಇಲ್ಲ.

ಇನ್ನೂ ಒಂದು ತೊಡಕಿದೆ. ತೂತಿನ ಮೂಲಕ ಹೋಗುವ ಆಯಿಲ್ ಭಾರವನ್ನು ನೋಡಿಕೊಂಡು ಬದಲಾಗುತ್ತದೆ: ಒತ್ತಡದ ಅಂತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟು. ಖಾಲಿ ಇದ್ದಾಗ ಒಂದು ವೇಗ, ಭಾರ ಹೊತ್ತಾಗ ಇನ್ನೊಂದು ವೇಗ. ಟಾಪ್ ಲಿಂಕ್‌ಗೆ ಇದು ಸಹಿಸಬಹುದಾದ ವ್ಯತ್ಯಾಸ. ತೆಳುವಾದ ತಗಡಿನಲ್ಲಿ ಚೂಪು ಅಂಚಿನ ತೂತಿದ್ದರೆ ಆಯಿಲ್ ಬಿಸಿಯಾದರೂ ತಣ್ಣಗಿದ್ದರೂ ಹರಿವು ಹೆಚ್ಚು ಬದಲಾಗುವುದಿಲ್ಲ. ಅದರ ಬದಲು ಉದ್ದನೆಯ ಸಣ್ಣ ಪೈಪು ಹಾಕಿದವರಿಗೆ ಬೆಳಿಗ್ಗೆ ಆಮೆ, ಮಧ್ಯಾಹ್ನ ಮೊಲ.

ಉಳಿದ ಇಪ್ಪತ್ತೆರಡೂವರೆ ಲೀಟರ್ ಎಲ್ಲಿಗೆ ಹೋಯಿತು? ಸಾಮಾನ್ಯ ಗೇರ್ ಪಂಪ್ ತೂತು ಚಿಕ್ಕದೆಂದು ಕಡಿಮೆ ತಳ್ಳುವುದಿಲ್ಲ. ಅದು ತಳ್ಳುತ್ತಲೇ ಇರುತ್ತದೆ, ಪಂಪಿನ ಕಡೆ ಒತ್ತಡ ಏರುತ್ತದೆ, ಕೊನೆಗೆ ಹೆಚ್ಚಿನ ಆಯಿಲ್ ರಿಲೀಫ್ ವಾಲ್ವ್ ಮೂಲಕ ಟ್ಯಾಂಕಿಗೆ ಮರಳುತ್ತದೆ. ಅಂದರೆ 'ವಾಷರ್ ಹಾಕಿದರೆ ಪ್ರೆಷರ್ ಕಡಿಮೆ' ಎನ್ನುವುದು ತಲೆಕೆಳಗಾದ ಮಾತು, ಪಂಪಿನ ಕಡೆ ಅದು ಹೆಚ್ಚಾಗುತ್ತದೆ. 180 ಬಾರ್‌ನಲ್ಲಿ ಇಷ್ಟು ಆಯಿಲ್ ಮರಳುವಾಗ ಆರೂಮುಕ್ಕಾಲು ಕಿಲೋವ್ಯಾಟ್‌ನಷ್ಟು ಶಕ್ತಿ ಬರೀ ಶಾಖವಾಗುತ್ತದೆ, ಮೂರು ನಾಲ್ಕು ಗೀಸರ್ ಒಟ್ಟಿಗೆ ಹಚ್ಚಿದ ಹಾಗೆ. ಐದು ಸೆಕೆಂಡಿಗೆ ಏನೂ ಆಗದು. ಲಿವರ್ ಹಿಡಿದುಕೊಂಡೇ ಕೂತರೆ ಆಯಿಲ್ ಕಾಯುತ್ತದೆ.

ಯಾವ ಹೋಸಿಗೆ? ಎಲ್ಲ ಇರುವುದು ಇಲ್ಲೇ

ಸಿಲಿಂಡರಿಗೆ ಎರಡು ಹೋಸ್. ಒಂದರಿಂದ ಆಯಿಲ್ ಒಳಬಂದರೆ ಇನ್ನೊಂದರಿಂದ ಹೊರಹೋಗುತ್ತದೆ. ವಿಡಿಯೊದಲ್ಲಿ ಅವನು ಯಾವುದಕ್ಕೆ ವಾಷರ್ ಹಾಕಿದ ಎಂಬುದು ಕಾಣುವುದಿಲ್ಲ. ಒಳಬರುವ ಆಯಿಲನ್ನು ತಡೆಯಬೇಕೋ ಹೊರಹೋಗುವುದನ್ನೋ?

300 ಕಿಲೋ ಉಪಕರಣವನ್ನು ಎತ್ತಿ ಹಿಡಿದಿದ್ದೀರಿ ಎನ್ನೋಣ. ಅದರ ಭಾರ ಕೆಳಗಿನ ಪಿನ್ನುಗಳಿಗಿಂತ 60 ಸೆಂ.ಮೀ. ಹಿಂದೆ ಇದೆ, ಮೇಲಿನ ಪಿನ್ನು 50 ಸೆಂ.ಮೀ. ಎತ್ತರದಲ್ಲಿದೆ. ಉಪಕರಣ ಹಿಂದಕ್ಕೆ ಮಗುಚಲು ನೋಡುತ್ತದೆ, ಟಾಪ್ ಲಿಂಕ್ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಎಳೆತ ಸುಮಾರು 360 ಕಿಲೋ. ಈಗ ಟಾಪ್ ಲಿಂಕ್ ಉದ್ದ ಮಾಡಲು ಲಿವರ್ ಒತ್ತಿದಿರಿ. ಪಂಪ್ ತಳ್ಳುವ ಮೊದಲೇ ಭಾರವೇ ರಾಡನ್ನು ಹೊರಗೆ ಎಳೆಯುತ್ತಿದೆ. ಒಳಬರುವ ಆಯಿಲನ್ನು ಮಾತ್ರ ತಡೆದಿದ್ದರೆ ಹೊರಹೋಗುವ ದಾರಿ ಬಿಚ್ಚಿಟ್ಟ ಹಾಗೇ ಇರುತ್ತದೆ. ಪಿಸ್ಟನ್ ಮುಂದೋಡುತ್ತದೆ, ಅದರ ಹಿಂದೆ ಆಯಿಲ್ ತುಂಬುವುದು ತಡವಾಗುತ್ತದೆ, ನಡುವೆ ನಿರ್ವಾತ. ಸೂಜಿ ಕಡೆ ಬೆರಳಿಟ್ಟು ಸಿರಿಂಜಿನ ಹಿಡಿಕೆ ಎಳೆದ ಹಾಗೆ. ಆ ನಿರ್ವಾತ ಹಿಡಿದು ನಿಲ್ಲಿಸಬಲ್ಲದ್ದು ಹೆಚ್ಚೆಂದರೆ ಸುಮಾರು 32 ಕಿಲೋ, ಎಳೆತ 360. ಉಪಕರಣ ಬೀಳುತ್ತದೆ, ಆಮೇಲೆ ಆಯಿಲ್ ತುಂಬಿ ಧಕ್ಕೆ ಕೊಡುತ್ತದೆ. ವಾಷರ್ ಹಾಕಿದ ಮೇಲೆ ಜಿಗಿತ ಇನ್ನೂ ಹೆಚ್ಚಾಯಿತು ಎನ್ನುವವರಲ್ಲಿ ಹಲವರ ಕಥೆ ಇದೇ.

ಹೊರಹೋಗುವ ಆಯಿಲನ್ನು ತಡೆದರೆ ಭಾರ ಎಳೆದರೂ ರಾಡ್ ಕದಲುವುದು ಆ ಆಯಿಲ್ ಜಾಗ ಬಿಟ್ಟಷ್ಟೇ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತೇವಲ್ಲ, ಅದೇ ಉಪಾಯ. ಎತ್ತಿಹಿಡಿದ ಉಪಕರಣಕ್ಕೆ ಹೊರಹೋಗುವ ಬದಿ ಎಂದರೆ ರಾಡ್ ಬದಿ.

ಆದರೆ ಹೊಲದಲ್ಲಿ ಕಥೆ ತಿರುಗುತ್ತದೆ. ನೇಗಿಲು ನೆಲದಲ್ಲಿದ್ದಾಗ ಮಣ್ಣು ಕೆಳಗಿನಿಂದ ಹಿಂದಕ್ಕೆ ತಳ್ಳುತ್ತದೆ, ನೇಗಿಲಿನ ಮೇಲ್ಭಾಗ ಮುಂದಕ್ಕೆ ಬರುತ್ತದೆ, ಟಾಪ್ ಲಿಂಕ್ ಒತ್ತಿಕೊಳ್ಳುತ್ತದೆ. ಆಗ ಗಿಡ್ಡ ಮಾಡಲು ಹೋದರೆ ಭಾರ ರಾಡನ್ನು ಒಳಗೆ ದಬ್ಬುತ್ತದೆ, ಆಯಿಲ್ ಹೊರಹೋಗುವುದು ಇನ್ನೊಂದು ಬದಿಯಿಂದ. ರಸ್ತೆಯಲ್ಲಿ ಎಳೆತ, ಹೊಲದಲ್ಲಿ ಒತ್ತು. ಒಂದೇ ವಾಷರ್ ಎರಡಕ್ಕೂ ಸರಿಹೋಗುವುದಿಲ್ಲ. ಇದಕ್ಕಾಗಿಯೇ ಏಕಮುಖ ಫ್ಲೋ ಕಂಟ್ರೋಲ್ ವಾಲ್ವ್ ಸಿಗುತ್ತದೆ: ಒಳಬರುವ ಆಯಿಲನ್ನು ಸರಾಗ ಬಿಡುತ್ತದೆ, ಹೊರಹೋಗುವುದನ್ನು ಮಾತ್ರ ತಡೆಯುತ್ತದೆ, ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದು. ಎರಡೂ ಹೋಸಿಗೆ ಒಂದೊಂದು. ಮೈಮೇಲೆ ಬಾಣದ ಗುರುತಿರುತ್ತದೆ. ಆ ಬಾಣ ಸರಾಗ ಹರಿಯುವ ದಿಕ್ಕನ್ನು ತೋರಿಸುತ್ತದೋ ತಡೆಯುವ ದಿಕ್ಕನ್ನೋ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ತಯಾರಕರಿಂದ ತಯಾರಕರಿಗೆ ಪದ್ಧತಿ ಬೇರೆ, ತಿರುಗಿಸಿ ಕೂರಿಸಿದರೆ ಮೇಲಿನ ಸಿರಿಂಜಿನ ಕಥೆ ಮರುಕಳಿಸುತ್ತದೆ.

ಇದರಲ್ಲೂ ಒಂದು ಎಚ್ಚರಿಕೆ. ರಾಡ್ ಬದಿಯ ದಾರಿ ಪೂರ್ತಿ ಮುಚ್ಚಿಹೋದರೆ, ಟೆಫ್ಲಾನ್ ಟೇಪಿನ ಚೂರೋ ಹೋಸ್ ಕತ್ತರಿಸಿದಾಗಿನ ರಬ್ಬರ್ ಪುಡಿಯೋ 1.2 ಮಿ.ಮೀ. ತೂತಿಗೆ ಸಿಕ್ಕಿಕೊಂಡರೆ ಸಾಕು, ಒತ್ತಡ ಒಳಗೇ ಗುಣಿಸಿಕೊಳ್ಳುತ್ತದೆ. ದೊಡ್ಡ ಬದಿಯಲ್ಲಿ 180 ಬಾರ್ ಇದ್ದರೆ ಸಣ್ಣ ಬದಿಯಲ್ಲಿ 260, ಮೇಲೆ ಭಾರದ ಎಳೆತ ಬೇರೆ. ಟ್ರ್ಯಾಕ್ಟರಿನ ರಿಲೀಫ್ ವಾಲ್ವಿಗೆ ಇದರ ಸುಳಿವೇ ಸಿಗದು. ಒಂದೇ ಪದರ ತಂತಿಯ ಎಂಟನೇ ಮೂರು ಇಂಚಿನ ಹೋಸ್ ಸಾಮಾನ್ಯವಾಗಿ 180 ಬಾರ್‌ಗೆ ಮಾಡಿದ್ದು, ಎರಡು ಪದರದ್ದು 330ಕ್ಕೆ. ಹತ್ತು ರೂಪಾಯಿ ಉಳಿಸಿದವರು ಹೋಸಿನಲ್ಲೂ ಉಳಿಸಿದ್ದರೆ ಕಷ್ಟ.

ನಿಧಾನ ಬೇರೆ, ನಿಲ್ಲುವುದು ಬೇರೆ

'ತಾನಾಗಿ ಇಳಿಯುವುದು ನಿಲ್ಲುತ್ತದೆ' ಎಂಬ ಮೂರನೇ ಮಾತು ಸುಳ್ಳು. ಲಿವರ್ ಬಿಟ್ಟ ಮೇಲೂ ಟಾಪ್ ಲಿಂಕ್ ಮೆಲ್ಲಗೆ ಜಾರುವುದಕ್ಕೆ ಕಾರಣ ಟ್ರ್ಯಾಕ್ಟರಿನ ವಾಲ್ವಿನೊಳಗಿನ ಸ್ಪೂಲ್. ಅದು ಲೋಹದೊಳಗೆ ಲೋಹ ಜಾರುವ ಭಾಗ, ನಡುವೆ ಸೂಕ್ಷ್ಮ ಸಂದು ಇದ್ದೇ ಇರುತ್ತದೆ. ಆ ಸಂದಿನಲ್ಲಿ ಹನಿಹನಿ ಸೋರುವ ಆಯಿಲಿಗೆ ನಿಮ್ಮ 1.2 ಮಿ.ಮೀ. ತೂತು ಹೆದ್ದಾರಿ ಇದ್ದಂತೆ. ಪಿಸ್ಟನ್ ಸೀಲ್ ಸವೆದಿದ್ದರೂ ಜಾರುತ್ತದೆ, ಅದಕ್ಕೂ ವಾಷರ್ ಮದ್ದಲ್ಲ.

ಹಿಡಿದು ನಿಲ್ಲಿಸಲು ಬೇಕಾದ್ದು ಸಿಲಿಂಡರ್ ಮೇಲೇ ಕೂರುವ ಲಾಕ್ ವಾಲ್ವ್, ಪೈಲಟ್ ಚೆಕ್ ವಾಲ್ವ್ ಎಂದೂ ಕರೆಯುತ್ತಾರೆ. ಲಿವರ್ ಒತ್ತಿ ಆಯಿಲ್ ಬಂದಾಗ ಮಾತ್ರ ಬಾಗಿಲು ತೆರೆಯುತ್ತದೆ. ಹೋಸ್ ಒಡೆದರೂ ಉಪಕರಣ ಬೀಳುವುದಿಲ್ಲ. ಒಳ್ಳೆಯ ಹೈಡ್ರಾಲಿಕ್ ಟಾಪ್ ಲಿಂಕ್‌ಗಳು ಇದರೊಂದಿಗೇ ಬರುತ್ತವೆ. ಫ್ಲೋ ಕಂಟ್ರೋಲ್ ಕೂರಬೇಕಾದ ಜಾಗ ಈ ಲಾಕ್ ಮತ್ತು ಸಿಲಿಂಡರಿನ ನಡುವೆ. ಅದನ್ನು ಟ್ರ್ಯಾಕ್ಟರ್ ಕಡೆಯ ಹೋಸ್ ತುದಿಗೆ ಹಾಕಿದರೆ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಲಾಕ್ ತೆರೆದು ಮುಚ್ಚಿ ಕಟಕಟ ಸದ್ದು ಮಾಡುತ್ತದೆ.

ಇನ್ನು ಆ ಬೆರಳು

ತೂತಿನ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹೋಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಅದೂ ಒಂದು ಆರಿಫಿಸ್. 150 ಬಾರ್ ಒತ್ತಡದಲ್ಲಿ ಅದರಿಂದ ಆಯಿಲ್ ಚಿಮ್ಮುವ ವೇಗ ಸೆಕೆಂಡಿಗೆ 180 ಮೀಟರ್‌ಗೂ ಹೆಚ್ಚು, ಗಂಟೆಗೆ 600 ಕಿ.ಮೀ. ಮೀರಿ. ಧಾರೆ ಎಷ್ಟೋ ಸಲ ಕಣ್ಣಿಗೇ ಕಾಣುವುದಿಲ್ಲ. ಬೆರಳು ಅಡ್ಡ ಬಂದರೆ ಆಯಿಲ್ ಚರ್ಮ ಸೀಳಿ ಒಳಹೋಗುತ್ತದೆ, ಕೈಗವಸು ಹಾಕಿದ್ದರೂ.

ಇದರ ಮೋಸ ಏನೆಂದರೆ, ಗಾಯ ನೋಡಿದರೆ ಮುಳ್ಳು ಚುಚ್ಚಿದ ಹಾಗೆ. ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ, ಬೆರಳು ಸ್ವಲ್ಪ ಮರಗಟ್ಟಿದಂತೆ ಅನಿಸಬಹುದು. ಒರೆಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಒಳಗೆ ಆಯಿಲ್ ಸ್ನಾಯುರಜ್ಜುಗಳ ಪೊರೆಯ ಗುಂಟ ಅಂಗೈಯವರೆಗೂ ಹರಡಿರುತ್ತದೆ. ಊತ ಬಂದು ರಕ್ತ ಸಂಚಾರ ನಿಲ್ಲುತ್ತದೆ, ಆಯಿಲಿನ ರಾಸಾಯನಿಕಗಳು ಮಾಂಸವನ್ನು ಕೊಳೆಸುತ್ತವೆ. ಗಂಟೆಗಳು ಕಳೆದಂತೆ ಬೆರಳು ಉಳಿಯುವ ಸಾಧ್ಯತೆ ಕುಗ್ಗುತ್ತದೆ.

ಹಾಗಾದರೆ ಹಿಂಡಬೇಡಿ, ಉಜ್ಜಬೇಡಿ, ಅರಿಶಿನ ಮೆತ್ತಿ ಕಾಯಬೇಡಿ. ಹತ್ತಿರದಲ್ಲಿ ಟಿಟಿ ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಮರಳಿದರೆ ಚಿಕಿತ್ಸೆ ಆದಂತಲ್ಲ. ಗಾಯವನ್ನು ತೆರೆದು ಒಳಗಿನ ಆಯಿಲ್ ತೊಳೆಯಬಲ್ಲ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಅಲ್ಲಿ 'ಚುಚ್ಚಿದೆ' ಎನ್ನದೆ 'ಹೈ ಪ್ರೆಷರ್ ಹೈಡ್ರಾಲಿಕ್ ಆಯಿಲ್ ಚರ್ಮದೊಳಗೆ ಹೋಗಿದೆ' ಎಂದು ಹೇಳಬೇಕು. ಆಯಿಲ್ ಡಬ್ಬಿಯ ಲೇಬಲಿನ ಫೋಟೊ ಫೋನಿನಲ್ಲಿದ್ದರೆ ವೈದ್ಯರಿಗೆ ಅನುಕೂಲ.

ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕೈ ದೂರ ಇಟ್ಟು, ರಟ್ಟನ್ನು ಹೋಸಿನ ಗುಂಟ ಸರಿಸಿದರೆ ಧಾರೆ ಎಲ್ಲಿದೆಯೋ ಅಲ್ಲಿ ಒದ್ದೆ ಗೆರೆ ಬೀಳುತ್ತದೆ. ಹೋಸ್ ಬಿಚ್ಚುವ ಮುನ್ನ ಉಪಕರಣವನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಲಿವರನ್ನು ಎರಡೂ ಕಡೆ ನಾಲ್ಕೈದು ಸಲ ಆಡಿಸಿ. ಇದರಿಂದ ಹೋಸಿನಲ್ಲಿರುವ ಒತ್ತಡ ಇಳಿಯುತ್ತದೆ. ಲಾಕ್ ವಾಲ್ವ್ ಇರುವ ಸಿಲಿಂಡರಿನಲ್ಲಿ ಮಾತ್ರ ಇಳಿಯುವುದಿಲ್ಲ: ಲಾಕ್‌ನ ಆಚೆ ಸಿಕ್ಕಿಕೊಂಡ ಆಯಿಲ್ ಟ್ರ್ಯಾಕ್ಟರ್ ನಿಲ್ಲಿಸಿ ದಿನ ಕಳೆದರೂ ಒತ್ತಡದಲ್ಲೇ ಇರಬಹುದು. ಆ ಬದಿಯ ನಟ್ಟಿಗೆ ಸ್ಪ್ಯಾನರ್ ಹಾಕುವ ಕೆಲಸವನ್ನು ಹೈಡ್ರಾಲಿಕ್ ಬಲ್ಲ ಮೆಕ್ಯಾನಿಕ್‌ಗೇ ಬಿಡಿ, ಒಳಗೆ ಲಾಕ್ ವಾಲ್ವ್ ಇದೆ ಎಂದು ಅವರಿಗೂ ಮೊದಲೇ ತಿಳಿಸಿ.